ಮೂರನೇ ಅಡ್ಡರಸ್ತೆಯ ಹುಂಜ

ಪಟ್ಟನೆ ಕಿಟಕಿ ಮುಚ್ಚಿದ ಸದ್ದಿಗೆ ರಂಗಮ್ಮನಿಗೆ ಎಚ್ಚರವಾಯಿತು.

ಅದಕ್ಕೂ ಮೊದಲು ಹುಂಜ ಕೂಗಿರಬೇಕು. ಆ ಕೂಗು ಅವಳ ನಿದ್ದೆಯಲ್ಲೇ ಎಲ್ಲೋ ಕರಗಿಹೋಗಿತ್ತು. ಹುಟ್ಟಿದಂದಿನಿಂದ ಕೇಳಿಕೊಂಡು ಬಂದ ದನಿ. ಮಳೆಯ ಸದ್ದಿಗೆ ಒಗ್ಗಿದ ಹಾಗೆ ಕಿವಿ ಅದಕ್ಕೂ ಒಗ್ಗಿಬಿಟ್ಟಿತ್ತು. ಪಕ್ಕದ ಮನೆಯ ಟೀಚರಮ್ಮ ಕಿಟಕಿ ಎಳೆದು ಚಿಲಕ ಜಡಿಯುವ ಸದ್ದಿಗೆ ಮಾತ್ರ ಅವಳಿಂದ ಒಗ್ಗಿಕೊಳ್ಳಲು ಆಗಿರಲಿಲ್ಲ. ಅದು ಗೋಡೆ ದಾಟಿ ಬಂದು ನೇರ ಎದೆಗೇ ತಾಗುತ್ತಿತ್ತು.

"ನಾಲ್ಕೂ ಹತ್ತು," ಎಂದ ಗಂಡ ಸಿದ್ದರಾಜು, ಕಂಬಳಿಯೊಳಗಿನಿಂದಲೇ, ಗಡಿಯಾರ ನೋಡದೆ. "ನಿನ್ನೆಗಿಂತ ಐದು ನಿಮಿಷ ಲೇಟು. ಈ ಚಳೀಲಿ ಅದಕ್ಕೂ ಏಳಕ್ಕೆ ಮನಸಿಲ್ಲ ಅಂತ ಕಾಣ್ತದೆ."

"ಸುಮ್ಕಿರಿ. ಟೀಚರಮ್ಮ ಕಿಟ್ಕಿ ಹಾಕ್ಕಂಡ್ರು."

"ಹಾಕ್ಕಳ್ಲಿ ಬಿಡು. ಕಿಟ್ಕಿ ಇರಾದೇ ಹಾಕಾಕೆ."

ಅವನಿಗೇನು, ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತು ವರ್ಷ ಯಂತ್ರಗಳ ಪಕ್ಕದಲ್ಲಿ ನಿಂತವನು. ಸಿಡಿಲು ಹೊಡೆದರೂ ಮಗ್ಗುಲು ಬದಲಿಸಿ ಮಲಗುವ ಗಿರಾಕಿ. ರಂಗಮ್ಮ ಶಾಲನ್ನು ತಲೆಗೆ ಹೊದ್ದು ಹಿತ್ತಿಲಿಗೆ ಬಂದಳು. ಕಾವೇರಿಯ ಕಡೆಯಿಂದ ಎದ್ದ ಮಂಜು ಬೀದಿ ದೀಪಗಳ ಸುತ್ತ ಹತ್ತಿಯಂತೆ ಅಂಟಿಕೊಂಡಿತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೋರಲು ಹಾಕಿದ ಮಂಕರಿ, ಅದರ ಮೇಲೆ ಎರಡು ಗೋಣಿಚೀಲ, ಅವುಗಳ ಮೇಲೊಂದು ಹಳೆಯ ಕಂಬಳಿ. ಅಷ್ಟರ ಒಳಗಿನಿಂದ ಹುಂಜ ಮತ್ತೊಮ್ಮೆ ಕೂಗಿತು. ಯಾರೋ ಕೊಳದ ತಳದಲ್ಲಿ ನಿಂತು ಕೂಗಿದಂತೆ ಕೇಳಿಸಿತೇ ಹೊರತು ಕೂಗಿನ ಗಟ್ಟಿತನ ಒಂದಿಷ್ಟೂ ತಗ್ಗಲಿಲ್ಲ.

"ಥೂ, ನಿನ್ನ ಗಂಟ್ಲಿಗೆ," ಎಂದು ಮೆಲ್ಲಗೆ ಗದರಿ ತಾನು ಹೊದ್ದಿದ್ದ ಶಾಲನ್ನೂ ಅದರ ಮೇಲೆ ಹೊದಿಸಿದಳು.

ಸಿದ್ದರಾಜು, ರಂಗಮ್ಮ ಕೊಣನೂರಿನ ಕಡೆಯಿಂದ ಬಂದು ಕುಶಾಲನಗರದ ಈ ಬಡಾವಣೆಯಲ್ಲಿ ಮನೆ ಕಟ್ಟಿದಾಗ ಇಲ್ಲಿ ಇದ್ದದ್ದು ನಾಲ್ಕೇ ಮನೆ. ಉಳಿದದ್ದೆಲ್ಲ ಗದ್ದೆ. ನಾಲ್ಕು ಮನೆಯಲ್ಲೂ ಕೋಳಿಗಳಿದ್ದವು. ಒಬ್ಬರ ಕೋಳಿ ಇನ್ನೊಬ್ಬರ ಹಿತ್ತಿಲಲ್ಲಿ ಮೊಟ್ಟೆ ಇಟ್ಟರೆ ಅದು ಜಗಳವೂ ಆಗುತ್ತಿತ್ತು, ಸಾರೂ ಆಗುತ್ತಿತ್ತು. ಆಮೇಲೆ ಮನೆಗಳ ಮೇಲೆ ಮನೆಗಳು ಎದ್ದವು, ಬೀದಿಗೆ ಕಾಂಕ್ರೀಟು ಬಂತು, ಮೂಲೆ ಮನೆ ಹೋಂಸ್ಟೇ ಆಯಿತು. ಕೋಳಿಗಳು ಒಂದೊಂದಾಗಿ ಅಂಗಡಿಯ ಫ್ರಿಜ್ಜು ಸೇರಿದವು. ಈಗ ಮೂರನೇ ಅಡ್ಡರಸ್ತೆಗೆಲ್ಲ ಇರುವುದು ಇದೊಂದೇ ಹುಂಜ. ಕೂಗಿದರೆ ಮಾರುತ್ತರ ಕೊಡುವವರಿಲ್ಲ. ಅದಕ್ಕೇ ಇರಬೇಕು, ಅಷ್ಟೊಂದು ಜೋರಾಗಿ ಕೂಗುತ್ತಿತ್ತು.

ಅದನ್ನು ಅವಳು ಆಸೆಪಟ್ಟು ಸಾಕಿದ್ದಲ್ಲ. ಅದು ಹರಕೆ ಹೊತ್ತ ಹುಂಜ.

ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ ಪಕ್ಕದ ಮನೆಯ ನಾಗೇಶ್ವರ ಸ್ನಾನ ಮುಗಿಸಿ ಮಡಿಯುಟ್ಟು ದೇವರ ಮುಂದೆ ಕೂತವರು ಕೂತ ಹಾಗೇ ಒರಗಿಬಿಟ್ಟಿದ್ದರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಸಾಧು ಮನುಷ್ಯ. ಬಡಾವಣೆಯಲ್ಲಿ ಯಾರಿಗೆ ಅರ್ಜಿ ಬರೆಸಬೇಕಾದರೂ ಅವರ ಜಗಲಿಗೇ ಬರುತ್ತಿದ್ದರು. ರಂಗಮ್ಮನ ಮನೆಯ ಖಾತೆ ಆದದ್ದು ಅವರು ಓಡಾಡಿದ್ದರಿಂದ. ಅವಳಿಗೆ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿದಾಗ, ಹೆಬ್ಬೆಟ್ಟು ಒತ್ತುವುದು ಬೇಡ ಎಂದು ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ 'ರಂಗಮ್ಮ' ಎಂದು ದೊಡ್ಡದಾಗಿ ಬರೆದುಕೊಟ್ಟು, ಹದಿನೈದು ದಿನ ಕಾಂಪೌಂಡಿನ ಆಚೆಯಿಂದ ತಿದ್ದಿಸಿದ್ದರು. "ಮ್ಮ ಬರೆಯುವಾಗ ಬಾಲ ಕೆಳಗೆ ಎಳಿ, ರಂಗಮ್ಮ. ದನದ ಬಾಲದ ಹಾಗಲ್ಲ, ಬಳ್ಳಿಯ ಹಾಗೆ."

ಅವರನ್ನು ಆಂಬುಲೆನ್ಸಿಗೆ ಎತ್ತಿ ಮೈಸೂರಿಗೆ ಒಯ್ದಾಗ ರಂಗಮ್ಮ ಬೀದಿಯಲ್ಲಿ ನಿಂತಿದ್ದಳು. ಗಾಡಿ ತಿರುವು ದಾಟುತ್ತಿದ್ದಂತೆ ಹಿತ್ತಿಲಿಗೆ ಓಡಿ, ಆಗಷ್ಟೇ ಪುಕ್ಕ ಬಲಿಯುತ್ತಿದ್ದ ಒಂದು ಮರಿಹುಂಜವನ್ನು ಹಿಡಿದು, ಅರಿಶಿನದ ನೀರು ಚಿಮುಕಿಸಿ, ಕಾಲಿಗೆ ಅರಿಶಿನದ ದಾರ ಕಟ್ಟಿ, ತವರೂರ ಮಾರಮ್ಮನ ದಿಕ್ಕಿಗೆ ಹಿಡಿದು ಬೇಡಿಕೊಂಡಿದ್ದಳು. "ಅವ್ವಾ, ಸ್ವಾಮೇರು ನಡ್ಕಂಡು ಮನೆ ಹೊಕ್ಲಿ. ಈ ಹುಂಜ ನಿಂದು."

ಹನ್ನೆರಡನೆಯ ದಿನ ನಾಗೇಶ್ವರ ಕಾರಿನಿಂದಿಳಿದು ಯಾರ ಕೈಯನ್ನೂ ಹಿಡಿಯದೆ ಗೇಟಿನಿಂದ ಜಗಲಿಯ ತನಕ ನಡೆದುಕೊಂಡೇ ಬಂದರು.

ಚೈತ್ರದಲ್ಲಿ ಹಬ್ಬವಾಗಿದ್ದರೆ ಹರಕೆ ತೀರಿಹೋಗುತ್ತಿತ್ತು. ಹಬ್ಬಕ್ಕೆ ಹತ್ತು ದಿನವಿರುವಾಗ ಮಾರಮ್ಮನ ಪೂಜಾರಿಯೇ ತೀರಿಕೊಂಡ. ವರ್ಷ ತುಂಬುವ ತನಕ ಹೊಸಬರು ಅವ್ವನನ್ನು ಮುಟ್ಟುವ ಹಾಗಿಲ್ಲ. ಹಬ್ಬ ಮುಂದಿನ ಚೈತ್ರಕ್ಕೆ ಹೋಯಿತು. ಅಲ್ಲಿಯ ತನಕ ಹುಂಜವನ್ನು ಮಾರುವಂತಿಲ್ಲ, ಕೊಡುವಂತಿಲ್ಲ, ಒಂದು ರಾತ್ರಿ ಬೇರೆಯವರ ಸೂರಿನಡಿ ಮಲಗಿಸುವಂತಿಲ್ಲ. ಹೊತ್ತದ್ದು ತಪ್ಪಿದರೆ ಅವ್ವ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಇನ್ನೊಂದು ಕಟ್ಟಳೆಯೂ ಇತ್ತು. ಹರಕೆ ತೀರುವ ತನಕ ಅದನ್ನು ಬಾಯಿ ಬಿಟ್ಟು ಹೇಳಬಾರದು, ಯಾರಿಗಾಗಿ ಹೊತ್ತಿದ್ದೋ ಅವರ ಮುಂದಂತೂ ಕೂಡದು. ಅವಳ ತಾಯಿ ಹಾಗೆ ಹೇಳಿಕೊಟ್ಟಿದ್ದಳು.

ಹೇಳುವ ಮಾತಾದರೂ ಎಲ್ಲಿಂದ ಬಂತು? ಮನೆಯೊಳಗೆ ಈರುಳ್ಳಿಯನ್ನೂ ತರದ ಪುರೋಹಿತರ ಮನೆತನ. ನಿಮ್ಮ ಜೀವಕ್ಕೆ ಕೋಳಿ ಹೊತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು?

ಹೀಗೆ ಮರಿ ಬೆಳೆಯಿತು. ಕೆಂಪು ಜುಟ್ಟು, ಬೆಂಕಿ ಬಣ್ಣದ ಕತ್ತು, ಕುಡುಗೋಲಿನಂತೆ ಬಾಗಿದ ಬಾಲ. ಎದುರು ಮನೆಯ ಬೊಳ್ಳಮ್ಮ ಅದಕ್ಕೆ ಸುಬೇದಾರ ಎಂದು ಹೆಸರಿಟ್ಟಿದ್ದಳು. "ನಮ್ಮೆಜಮಾನ್ರೂ ಮಿಲಿಟರಿಯಿಂದ ಬಂದ ಮೇಲೆ ಹೀಗೇ ಮಾರಾಯ್ತಿ, ನಾಲ್ಕು ಗಂಟೆಗೆ ಎದ್ದು ಊರನ್ನೆಲ್ಲ ಎಬ್ಬಿಸೋದು. ಅವರು ಹೋದ ಮೇಲೆ ಬೀದಿ ತಣ್ಣಗಾಗಿತ್ತು. ಈಗ ನಿನ್ನ ಸುಬೇದಾರ ಡ್ಯೂಟಿಗೆ ಬಂದ!"

ಆದರೆ ನಾಗೇಶ್ವರರ ಮಲಗುವ ಕೋಣೆ ರಂಗಮ್ಮನ ಹಿತ್ತಿಲಿಗೇ ಅಂಟಿಕೊಂಡಿತ್ತು. ಚೆನ್ನಾಗಿ ನಿದ್ದೆ ಮಾಡಬೇಕು ಎಂದು ವೈದ್ಯರು ಅವರಿಗೆ ಹೇಳಿ ಕಳಿಸಿದ್ದರು. ಯಾರ ಜೀವಕ್ಕಾಗಿ ಹುಂಜ ಬೆಳೆಯುತ್ತಿತ್ತೋ ಅವರ ನಿದ್ದೆಯನ್ನೇ ಅದು ದಿನವೂ ಮುರಿಯುತ್ತಿತ್ತು. ಅದು ನೆನಪಾದಾಗ ರಂಗಮ್ಮ ಎದ್ದು ಹೋಗಿ ಮಂಕರಿಯ ಮೇಲಿನ ಗೋಣಿಯನ್ನು ಇನ್ನಷ್ಟು ಬಿಗಿಯಾಗಿ ಹೊದಿಸುತ್ತಿದ್ದಳು.

ನಾಗೇಶ್ವರರ ಹೆಂಡತಿ ತ್ರಿಪುರಸುಂದರಿ ಟೀಚರು ಮೊದಮೊದಲು ನಗುತ್ತಲೇ ಹೇಳಿದ್ದರು. "ರಂಗಮ್ಮ, ನಿನ್ನ ಹುಂಜಕ್ಕೆ ಸ್ವಲ್ಪ ಗಡಿಯಾರ ನೋಡೋದು ಕಲಿಸಮ್ಮ. ಐದೂವರೆಗೆ ಕೂಗಲಿ, ಬೇಡ ಅನ್ನಲ್ಲ." ಆಮೇಲೆ ನಗು ಹೋಯಿತು. "ನೋಡು, ನಮ್ಮನೆಯವರಿಗೆ ಹಾರ್ಟು. ಒಂದು ಹುಂಜ ಹೆಚ್ಚೋ, ಮನುಷ್ಯನ ಜೀವ ಹೆಚ್ಚೋ?" ರಂಗಮ್ಮ ತಲೆ ತಗ್ಗಿಸಿ ನಿಂತಿದ್ದಳು. ಅವಳ ಮೌನ ಟೀಚರಿಗೆ ಹಟದಂತೆ ಕಂಡಿತು. ಅಲ್ಲಿಂದಾಚೆಗೆ ಮಾತು ನಿಂತು ಕಿಟಕಿಯ ಸದ್ದು ಶುರುವಾಯಿತು.

ಮಾರ್ಗಶಿರದ ಮೊದಲ ವಾರ ಪುರಸಭೆಯಿಂದ ದಿಗಂತ್ ಎಂಬ ಹುಡುಗ ಬೈಕಿನಲ್ಲಿ ಬಂದ. ಆರೋಗ್ಯ ವಿಭಾಗದವನು, ಇನ್ನೂ ಕೆಲಸಕ್ಕೆ ಸೇರಿದ ಹೊಸತು, ಮಾತಿನಲ್ಲಿ ಸಂಕೋಚ.

"ಅಮ್ಮಾ, ನಮ್ದೇನಿಲ್ಲ. ಅರ್ಜಿ ಬಂದ್ರೆ ನಾವು ಬರ್ಲೇಬೇಕು. ಏಳು ದಿನದೊಳಗೆ ಹುಂಜನ ಬೇರೆ ಕಡೆ ಸಾಗಿಸ್ಬೇಕು. ಇಲ್ಲಾಂದ್ರೆ ನಾವೇ ತಗೊಂಡು ಹೋಗೋದು."

"ಯಾರು ಕೊಟ್ಟಿದ್ದು ಅರ್ಜಿ?" ಎಂದ ಸಿದ್ದರಾಜು, ಗೊತ್ತಿದ್ದೂ.

ದಿಗಂತ್ ಉತ್ತರಿಸದೆ ಕಾಗದವನ್ನು ಮಡಿಸಲು ಹೋದ. ಅಷ್ಟರಲ್ಲಿ ರಂಗಮ್ಮ ನೋಡಿಯಾಗಿತ್ತು. ಓದುವುದು ಅವಳಿಗೆ ಅಷ್ಟಕ್ಕಷ್ಟೆ. ಆದರೆ ಆ ಸಾಲುಗಳ ನಡುವೆ 'ಶ್ರೀಮತಿ ರಂಗಮ್ಮ ಕೋಂ ಸಿದ್ದರಾಜು ಎಂಬುವವರು' ಎಂದು ಇತ್ತು. ಮ್ಮದ ಬಾಲ ಬಳ್ಳಿಯಂತೆ ಇಳಿದಿತ್ತು. ಆ ಕೈಯನ್ನು ನೋಡಿ ತಿದ್ದಿದ ಹೆಸರನ್ನೇ ಅವಳು ದಿನವೂ ಶಾಲೆಯ ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದಳು.

"ಎಷ್ಟು ಚಂದ ಬರ್ದವ್ರೆ ನೋಡಿ," ಎಂದಳು ಗಂಡನಿಗೆ.

ಆ ಏಳು ದಿನ ಅವಳು ಮಾಡದ ಉಪಾಯವಿಲ್ಲ. ಪೂರ್ತಿ ಕತ್ತಲಿದ್ದರೆ ಕೋಳಿ ಕೂಗುವುದಿಲ್ಲ ಎಂದು ಯಾರೋ ಹೇಳಿದರು, ಬಚ್ಚಲುಮನೆಯಲ್ಲಿ ಕೂಡಿಹಾಕಿದಳು. ಬಚ್ಚಲ ಗೋಡೆಗೆ ತಾಗಿ ಕೂಗು ಇಮ್ಮಡಿಯಾಯಿತು. ಬೀದಿ ಕೊನೆಯ ಮನೆಯಲ್ಲೂ ದೀಪ ಹೊತ್ತಿಕೊಂಡಿತು. ತಲೆ ಎತ್ತದಿದ್ದರೆ ಕೂಗಲಾರದು ಎಂದು ತಗ್ಗಿನ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದಳು. ಅದು ಪೆಟ್ಟಿಗೆಯನ್ನು ಕುಕ್ಕಿ ಕುಕ್ಕಿ ತೂತು ಮಾಡಿ, ತೂತಿನಿಂದ ತಲೆ ಹೊರಗೆ ಹಾಕಿ ಕೂಗಿತು.

"ಬುದ್ಧಿವಂತ ನನ್ಮಗ," ಎಂದ ಸಿದ್ದರಾಜು ಮೆಚ್ಚಿಕೊಂಡು. "ಲೇ, ಇದಕ್ಕೆಲ್ಲ ಒಂದೇ ಮದ್ದು. ಮೆಣಸು, ಕೊತ್ತಂಬ್ರಿ, ಒಂದು ಹೋಳು ಕಾಯಿ."

"ಬಾಯಿ ಅದೆ ಅಂತ ಏನಾರಾ ಮಾತಾಡ್ಬೇಡಿ!"

ಅವಳ ದನಿಗೆ ಅವನು ಬೆಚ್ಚಿದ. ಹರಕೆ ಹೊತ್ತದ್ದು ಅವನಿಗೆ ಗೊತ್ತಿತ್ತು. ಅವನು ಹಿತ್ತಿಲ ಬಾಗಿಲಲ್ಲಿ ನಿಂತು ಕಂಡವನು. ಆದರೆ ಅದು ಅವಳ ಮೈಗೆ ಇಷ್ಟು ಅಂಟಿಕೊಂಡಿದೆ ಎಂದು ಆಗಲೇ ತಿಳಿದದ್ದು.

ಆರನೆಯ ದಿನ ಬೊಳ್ಳಮ್ಮ ಬಂದು ಜಗಲಿಯ ಮೇಲೆ ಕೂತಳು. "ನೋಡು ರಂಗಮ್ಮ, ಮಾದಾಪುರದಲ್ಲಿ ನಮ್ಮ ತೋಟ ಉಂಟು. ಅಲ್ಲಿ ಇದು ದಿನವಿಡೀ ಕೂಗಿದ್ರೂ ಕೇಳೋದು ಮಂಗಗಳಿಗೆ ಮಾತ್ರ. ನಾಳೆ ಜೀಪು ಹೋಗ್ತದೆ. ಕಳಿಸಿಬಿಡು. ಬೇಕಾದಾಗ ನಾನೇ ತಂದುಕೊಡ್ತೇನೆ."

"ಆಗಕಿಲ್ಲ ಬೊಳ್ಳಮ್ಮಾರೆ."

"ಯಾಕೆ ಆಗೋದಿಲ್ಲ? ನನ್ನ ಮೇಲೆ ನಂಬಿಕೆ ಇಲ್ವಾ? ತಿಂದುಬಿಡ್ತೇನೆ ಅಂತನಾ?" ಬೊಳ್ಳಮ್ಮ ನಕ್ಕಳು. ರಂಗಮ್ಮ ನಗಲಿಲ್ಲ.

"ಇದು ರಾತ್ರಿ ಇಲ್ಲೇ ಮನೀಕ್ಕಬೇಕು. ಅಷ್ಟೇಯ."

ಬೊಳ್ಳಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. "ಎಂಥದ್ದೋ ಉಂಟು ನಿನ್ನ ಹೊಟ್ಟೇಲಿ. ಹೇಳಬೇಡ ಬಿಡು," ಎಂದು ಎದ್ದು ಹೋದಳು.

ಎಂಟನೆಯ ದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ ಪುರಸಭೆಯ ಗಾಡಿ ಬಂತು. ದಿಗಂತನ ಜೊತೆ ಒಬ್ಬ ಡ್ರೈವರು, ಅವನ ಹೆಗಲ ಮೇಲೆ ಬೀದಿನಾಯಿ ಹಿಡಿಯುವ ಬಲೆ.

"ಒಂದು ಹುಂಜಕ್ಕೆ ಇಷ್ಟು ದೊಡ್ಡ ಬಲೆಯಾ?" ಎಂದ ಸಿದ್ದರಾಜು. "ಚಿರತೆ ಗಿರತೆ ಬಂದದೆ ಅಂತ ಯಾರಾರ ಅರ್ಜಿ ಕೊಟ್ರಾ?"

"ಆಫೀಸಲ್ಲಿ ಇರೋದು ಇದೊಂದೇ ಸಾರ್," ಎಂದ ದಿಗಂತ್ ನಾಚಿಕೊಂಡು.

ಕಾಂಪೌಂಡಿನ ಆಚೆ ತ್ರಿಪುರಸುಂದರಿ ತುಳಸಿಗೆ ನೀರು ಹಾಕುತ್ತಿದ್ದವರು ಚೊಂಬು ಹಿಡಿದುಕೊಂಡೇ ನಿಂತರು. ಅವರ ಹಿಂದೆ ನಾಗೇಶ್ವರ ಮಫ್ಲರು ಸುತ್ತಿಕೊಂಡು ಬಂದರು. ಹೋದ ವರ್ಷಕ್ಕಿಂತ ಸೊರಗಿದ್ದರು. ಅವರಿಗೆ ರಂಗಮ್ಮನ ಕಡೆ ನೋಡಲು ಆಗುತ್ತಿರಲಿಲ್ಲ. ಗಾಡಿಯ ಚಕ್ರವನ್ನು ನೋಡುತ್ತಾ ನಿಂತರು.

ರಂಗಮ್ಮ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು. ಅದರ ಎದೆಬಡಿತ ಅವಳ ಪಕ್ಕೆಗೆ ತಾಗುತ್ತಿತ್ತು. ಹುಂಜ ಗಾಡಿ ಹತ್ತಿದರೆ ಹರಕೆ ಮುರಿಯಿತು. ಅದಕ್ಕೆ ಪರಿಹಾರ ಅಂತ ಅವಳು ಎಲ್ಲೂ ಕೇಳಿರಲಿಲ್ಲ. ಬಾಯಿ ಬಿಟ್ಟರೂ ತಪ್ಪೇ. ಆದರೆ ಬಾಯಿ ಬಿಟ್ಟ ತಪ್ಪಿಗೆ ತಪ್ಪುಕಾಣಿಕೆ ಉಂಟು. ತಾಯಿ ಒಮ್ಮೆ ಕಟ್ಟಿದ್ದನ್ನು ಅವಳೇ ಕಂಡಿದ್ದಳು.

"ಒಂದು ನಿಮಿಷ ತಡಿ ಮಗ," ಎಂದು ಹುಂಜವನ್ನು ಸಿದ್ದರಾಜುವಿನ ಕೈಗೆ ಕೊಟ್ಟು ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಅರಿಶಿನ ಸವರಿದ ಬಟ್ಟೆಯ ತುಂಡು, ಒಂದು ರೂಪಾಯಿಯ ನಾಣ್ಯ. ಎಲ್ಲರೂ ನೋಡುತ್ತಿರುವಂತೆಯೇ ನಾಣ್ಯವನ್ನು ಬಟ್ಟೆಯಲ್ಲಿಟ್ಟು ಮೂರು ಗಂಟು ಹಾಕಿ, ಕಣ್ಣಿಗೊತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಏನೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಕಾಂಪೌಂಡಿನ ಹತ್ತಿರ ಹೋಗಿ ನಿಂತಳು.

"ಸ್ವಾಮೇರೆ, ಈ ಹುಂಜ ನಂದಲ್ಲ. ನಿಮ್ಮನ್ನ ಮೈಸೂರಿಗೆ ಕರ್ಕೊಂಡು ಹೋದ ದಿನ ನಮ್ಮ ಮಾರವ್ವಂಗೆ ಹೊತ್ಕಂಡಿದ್ದು. ನೀವು ನಡ್ಕಂಡು ಮನೆ ಹೊಕ್ಲಿ ಅಂತ. ನೀವು ನಡ್ಕಂಡೇ ಬಂದ್ರಿ. ಅವಳು ಅವಳ ಮಾತು ನಡ್ಸವ್ಳೆ. ನಾನು ನಡ್ಸಾದು ಚೈತ್ರಕ್ಕೆ. ಅಲ್ಲಿಗಂಟ ಇದು ನನ್ನ ಸೂರಿನಡಿಯೇ ಇರ್ಬೇಕು. ಇಲ್ದಿದ್ರೆ..." ಮುಂದಿನದನ್ನು ಅವಳು ಹೇಳಲಿಲ್ಲ. "ನಿಮ್ಮ ನಿದ್ದೆ ಕೆಡಿಸ್ದೆ. ಗೊತ್ತದೆ ನಂಗೆ. ಕಿಟ್ಕಿ ಹಾಕಾದು ದಿನಾ ಕೇಳಿಸ್ತದೆ."

ದಿಗಂತ್ ಡ್ರೈವರಿನ ಹೆಗಲಿನಿಂದ ಬಲೆಯನ್ನು ಮೆಲ್ಲಗೆ ಇಳಿಸಿ ಗಾಡಿಯೊಳಕ್ಕೆ ತಳ್ಳಿದ.

ತ್ರಿಪುರಸುಂದರಿ ಚೊಂಬನ್ನು ತುಳಸಿಕಟ್ಟೆಯ ಮೇಲಿಟ್ಟರು. "ನಮ್ಮನೆಯವರ ಹೆಸರಲ್ಲಿ... ಕೋಳಿನಾ?" ಎಂದರು. ಕಾಂಪೌಂಡಿನ ಹತ್ತಿರ ಬಂದು, "ನನಗೊಂದು ಮಾತು ಹೇಳಬಾರದಿತ್ತಾ, ರಂಗಮ್ಮ? ಇಷ್ಟು ತಿಂಗಳು ನಾನು ನಿನ್ನ..."

"ಹೇಳಂಗಿಲ್ಲ ಟೀಚರಮ್ಮ. ಈಗ್ಲೂ ಹೇಳ್ಬಾರ್ದಿತ್ತು. ಅದಕ್ಕೆ ತಪ್ಪುಕಾಣಿಕೆ ಕಟ್ಟಿವ್ನಿ."

"ನಾನೂ ಹೊತ್ತಿದ್ದೆ," ಎಂದರು ಟೀಚರು, ತಮಗೇ ಹೇಳಿಕೊಳ್ಳುವಂತೆ. "ಮಡಿಕೇರಿ ಓಂಕಾರೇಶ್ವರನಿಗೆ ರುದ್ರಾಭಿಷೇಕ. ಇವರು ಮನೆಗೆ ಬಂದ ತಿಂಗಳೇ ತೀರಿಸಿದೆ."

ನಾಗೇಶ್ವರ ಮಫ್ಲರು ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ಕಣ್ಣು ತುಂಬಿತ್ತು, ತುಟಿ ಮಾತ್ರ ನಗುತ್ತಿತ್ತು. "ನಿನ್ನದು ಸುಲಭ ಸುಂದರಿ. ರುದ್ರಾಭಿಷೇಕ ನಾಲ್ಕು ಗಂಟೆಗೆ ಎದ್ದು ಕೂಗೋದಿಲ್ಲ."

ಎದುರು ಗೇಟಿನಲ್ಲಿ ನಿಂತಿದ್ದ ಬೊಳ್ಳಮ್ಮ ಕಿಸಕ್ಕನೆ ನಕ್ಕಳು. ಸಿದ್ದರಾಜು ನಗು ತಡೆಯಲು ಹುಂಜದ ಬೆನ್ನಿಗೆ ಮುಖ ಒತ್ತಿದ.

"ಕೂಗಲಿ," ಎಂದರು ನಾಗೇಶ್ವರ. "ಅದು ಕೂಗಿದ್ದು ಕೇಳಿ ಎಚ್ಚರ ಆಗೋಕಾದ್ರೂ ನಾನು ಇರಬೇಕಲ್ಲ. ನಾನು ಮುಂದಿನ ಕೋಣೆಯಲ್ಲಿ ಮಲಗ್ತೀನಿ, ನನಗೇ ಇದು ಮೊದಲೇ ಹೊಳೀಬೇಕಿತ್ತು. ದಿಗಂತ್, ಒಂದು ಬಿಳಿ ಹಾಳೆ ಇದೆಯೇನಪ್ಪ? ಅರ್ಜಿ ವಾಪಸ್ ತಗೊಳ್ತೀನಿ."

"ಇದೆ ಸಾರ್. ಆದ್ರೆ ಕಾರಣ ಬರೀಬೇಕು. ಸುಮ್ನೆ ವಾಪಸ್ ಅಂದ್ರೆ ಮೇಲಿನವರು ಕೇಳ್ತಾರೆ."

"ಕಾರಣ..." ನಾಗೇಶ್ವರ ಕಾಂಪೌಂಡಿನ ಮೇಲೆ ಹಾಳೆ ಹರವಿ ಪೆನ್ನು ತೆರೆದರು. ಮೂವತ್ತು ವರ್ಷ ಕಚೇರಿಯಲ್ಲಿ ಎಲ್ಲದಕ್ಕೂ ಒಂದು ಕಾರಣ ಬರೆದ ಕೈ ಈಗ ತಡವರಿಸಿತು. "ಸದರಿ ಹುಂಜವು ಅರ್ಜಿದಾರನ ಆಯುಸ್ಸಿಗೆ ಸಂಬಂಧಪಟ್ಟಿರುವುದರಿಂದ... ಸರಿಯಾಗುತ್ತಾ?"

"ಬೇಡ ಸಾರ್, ನನ್ನನ್ನೇ ಕರೆಸಿ ಕೇಳ್ತಾರೆ!"

"ನೆರೆಹೊರೆಯವರು ರಾಜಿಯಾಗಿರುವುದರಿಂದ ಅಂತ ಬರೀರಿ ಸ್ವಾಮಿ," ಎಂದ ಸಿದ್ದರಾಜು.

"ಅದು ಸರಿ. ಅದು ಸರಿಯಿದೆ."

ಅವರು ಬರೆಯತೊಡಗಿದರು. ರಂಗಮ್ಮ ಗಂಡನ ಕೈಯಿಂದ ಹುಂಜವನ್ನು ತೆಗೆದುಕೊಂಡು ಹಿತ್ತಿಲಿಗೆ ಬಿಟ್ಟಳು. ಅದು ಒಂದು ಸಲ ರೆಕ್ಕೆ ಕೊಡವಿ, ಏನೂ ಆಗಿಲ್ಲವೆಂಬಂತೆ ಮಣ್ಣು ಕೆದರಲು ಹೋಯಿತು. ಅವಳು ಜಗಲಿಯ ಮೇಲಿದ್ದ ಕೆಲಸದ ಚೀಲವನ್ನು ಹೆಗಲಿಗೇರಿಸಿಕೊಂಡಳು. ಎಂಟೂಕಾಲು. ಶಾಲೆಯಲ್ಲಿ ಅಕ್ಕಿ ಆರಿಸಬೇಕು, ಬೇಳೆ ತೊಳೆಯಬೇಕು. ನೂರಾ ಹತ್ತು ಮಕ್ಕಳು.

"ರಂಗಮ್ಮ," ಎಂದರು ತ್ರಿಪುರಸುಂದರಿ ಕಾಂಪೌಂಡಿಗೆ ಒರಗಿ. ದನಿ ಮೆತ್ತಗಾಗಿತ್ತು, ಆದರೆ ಅದರಲ್ಲಿ ತರಗತಿಯ ಕೊನೆಯ ಬೆಂಚಿಗೂ ಬಿಡಿಸಿ ಹೇಳುವ ಹಳೆಯ ಅಭ್ಯಾಸವಿತ್ತು. "ಹುಂಜ ಇರಲಿ ಅಮ್ಮ, ಚೈತ್ರದವರೆಗೂ ಇರಲಿ. ಆಮೇಲೆ... ಅದನ್ನ ಕುಯ್ಯಲೇಬೇಕಾ? ನಮ್ಮಲ್ಲಿ ಜೀವದ ಬದಲು ಬೂದುಗುಂಬಳಕಾಯಿ ಒಡೀತಾರೆ. ಫಲ ಒಂದೇ. ನಾನೇ ತರಿಸಿಕೊಡ್ತೀನಿ."

"ಲೇ, ಹೊತ್ತವಳು ಅವಳು. ನೀನ್ಯಾರೇ ಕುಂಬಳಕಾಯಿ ಹೇಳೋಕೆ?" ಎಂದರು ನಾಗೇಶ್ವರ, ಹಾಳೆಯಿಂದ ತಲೆ ಎತ್ತದೆ.

"ನಿಮ್ಮ ಹೆಸರಲ್ಲಿ ಒಂದು ಜೀವ ಹೋಗುತ್ತೆ ರೀ! ಆ ಪಾಪ ಯಾರಿಗೆ?"

"ಉಳಿದಿರೋ ನನ್ನದೂ ಜೀವವೇ ಅಲ್ವೇನೇ?"

"ಕುಂಬಳಕಾಯಿಗೆ ಅವ್ವ ಒಪ್ಪಾದು ಕಷ್ಟ," ಎಂದ ಸಿದ್ದರಾಜು ನಡುವೆ ಬಾಯಿ ಹಾಕಿ. "ಸಾರಲ್ಲಿ ಬೆರೆಯಕಿಲ್ಲ ಅದು."

"ನೀವು ಸುಮ್ಮನಿರಿ ಸಿದ್ದರಾಜು! ರಂಗಮ್ಮ, ನೀನು ಹೇಳು."

ರಂಗಮ್ಮ ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಟೀಚರಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಅವರಿಗೆ ಒಂದು ಸಮಾಧಾನದ ಮಾತು ಹೇಳಬೇಕೆನ್ನಿಸಿತು. ಆದರೆ ಕೊಟ್ಟ ಮಾತು ಕಚೇರಿಗೆ ಕೊಟ್ಟ ಅರ್ಜಿಯಂತಲ್ಲ. ಇನ್ನೊಂದು ಹಾಳೆ ಬರೆದು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ.

"ಅದು ನಂಗೂ ಅವ್ವಂಗೂ ಇರಾ ಮಾತು ಟೀಚರಮ್ಮ," ಎಂದಳು. "ನೀವು ಸ್ವಾಮೇರಿಗೆ ಬಿಸಿ ಏನಾರಾ ಕೊಡಿ. ಚಳೀಲಿ ನಿಂತವ್ರೆ."

"ಅಲ್ಲ ರಂಗಮ್ಮ, ಕೇಳು ಇಲ್ಲಿ. ಶಾಸ್ತ್ರದಲ್ಲೇ ಇದೆ..."

"ಯಾವ ಶಾಸ್ತ್ರದಲ್ಲೇ? ತೋರಿಸು ನೋಡೋಣ."

"ಇದೆ ರೀ, ನಮ್ಮಪ್ಪ ಹೇಳ್ತಿದ್ರು. ದೊಡ್ಡದೇ ಒಂದು ಕಾಯಿ, ಒಳಗೆ ಕುಂಕುಮ ತುಂಬಿ... ರಂಗಮ್ಮ, ಏನಂತೀಯ? ರಂಗಮ್ಮ?"

ರಂಗಮ್ಮ ಆಗಲೇ ಬೊಳ್ಳಮ್ಮನ ಗೇಟು ದಾಟಿ, ಮಂಜು ಕರಗುತ್ತಿದ್ದ ಬೀದಿಯಲ್ಲಿ ಶಾಲೆಯ ಕಡೆಗೆ ಬಿರಬಿರನೆ ನಡೆಯುತ್ತಿದ್ದಳು.